ಏಳಾದ ಮೇಲೆ ಆರು

ಡಂಡೀಯಲ್ಲಿ ಡಿಸೆಂಬರ್. ಮೂರೂವರೆಗೇ ಕತ್ತಲೆ.
ಮೇಜಿನ ಮೇಲೆ ಬೆನ್ನು ಬಿಚ್ಚಿದ ಯಂತ್ರ,
ಅದರಿಂದ ನನ್ನ ಕಡೆಗೊಂದು ಸೀರಿಯಲ್ ಕೇಬಲ್,
ನಾಡಿ ಹಿಡಿದ ಹಾಗೆ.

ಮಲಗಿಸುತ್ತೇನೆ. ನೆನಪನ್ನೆಲ್ಲ ಡಿಸ್ಕಿಗೆ ಇಳಿಸಿ
ಕರೆಂಟು ಕಿತ್ತರೂ ಚಿಂತೆಯಿಲ್ಲದಷ್ಟು ನಿದ್ದೆ.
ಎಬ್ಬಿಸುತ್ತೇನೆ. ಆರು ಸಲ ಏಳುತ್ತದೆ.
ಏಳನೆಯ ಸಲ ಏಳುವುದಿಲ್ಲ.

ಎಬ್ಬಿಸುವವ ಬೇರೆ, ಏಳುವವ ಬೇರೆ
ಎಂಬುದು ಹೊರಗಿನವರಿಗೆ ಕಾಣುವುದಿಲ್ಲ.
ಗುಂಡಿ ಒತ್ತಿದಾಗ ಕಣ್ಣು ಬಿಡುವುದು ಹೊಸ ಕರ್ನೆಲ್,
ಈಗಷ್ಟೇ ಹುಟ್ಟಿದ್ದು, ಯಾವ ಕಡತದ ಗುರುತೂ ಇಲ್ಲದ್ದು.
ಅದು ಹಳಬನ ನೆನಪಿನ ಪುಟಗಳನ್ನು ಒಂದೊಂದೇ ತಂದು
ಅವು ಇದ್ದ ಜಾಗದಲ್ಲೇ ಇಡಬೇಕು,
ಆ ಜಾಗದಲ್ಲಿ ತಾನೇ ಕೂತಿದ್ದರೂ.

ನೆಲ ಸಾರಿಸುವವಳು ಹಿಂದೆ ಹಿಂದೆ ಸರಿಯುತ್ತ
ಕೊನೆಗೆ ಹೊಸ್ತಿಲಾಚೆ ಕಾಲಿಡುತ್ತಾಳಲ್ಲ, ಹಾಗೆ.
ಆದರೆ ಇದಕ್ಕೆ ಆಚೆ ಎಂಬುದೇ ಇಲ್ಲ.
ಅದಕ್ಕೇ ಯಾರಿಗೂ ಬೇಡದ ಒಂದು ಪುಟ ಹುಡುಕಿ
(ನಾಲ್ಕು ಕಿಲೋಬೈಟಿನ ಮಣೆ)
ಅದರ ಮೇಲೆ ಕುಕ್ಕರಗಾಲಲ್ಲಿ ಕೂತು
ಸುತ್ತಲಿನ ಲೋಕವನ್ನೆಲ್ಲ ಬದಲಿಸುತ್ತದೆ.
ಆಮೇಲೊಂದು ಜಿಗಿತ.

ಆ ಜಿಗಿತದಲ್ಲೇ ಸಾವು.
ಸೀರಿಯಲ್ಲಿನ ಕೊನೆಯ ಸಾಲು ಅರ್ಧ ಪದಕ್ಕೆ ನಿಂತಿರುತ್ತದೆ.

ಮಾರನೆಯ ಬೆಳಿಗ್ಗೆ, ಮಂಡಿ ಆಪರೇಷನ್ ಮುಗಿಸಿಕೊಂಡು
ಇಷ್ಬೆಲ್ ಕೋಲೂರುತ್ತ ಬಂದಳು.
"ಹತ್ತರಿಂದ ಹಿಂದಕ್ಕೆ ಎಣಿಸು ಅಂದರು. ಏಳರವರೆಗೆ ಬಂದಿದ್ದೆ.
ಕಣ್ಣು ಬಿಟ್ಟವಳೇ ಆರು ಅಂದೆನಂತೆ.
ನಡುವೆ ಎರಡು ಗಂಟೆ, ಒಂದು ಮಂಡಿ."
ಕುರ್ಚಿ ಎಳೆದುಕೊಂಡು ನನ್ನ ಪುಟಗಳ ನಕ್ಷೆ ನೋಡಿದಳು.
ಚಹಾ ಆರಿತು.
ಕಿಟಕಿಯಾಚೆ ಟೇ ನದಿಯತ್ತ ಬೆರಳು ಮಾಡಿದಳು:
ಈಗಿನ ಸೇತುವೆಯ ಪಕ್ಕಕ್ಕೇ
ಬಿದ್ದುಹೋದ ಹಳೆಯದರ ಮೋಟು ಕಂಬಗಳು.
"ರೈಲು ಇದರಿಂದ ಅದಕ್ಕೆ ದಾಟಬೇಕು ಅಂದುಕೋ.
ದಾಟುವ ಕ್ಷಣಕ್ಕೆ ಗಾಲಿಯ ಕೆಳಗಿನ ಹಳಿ
ಎರಡರಲ್ಲೂ ಒಂದೇ ಕಡೆ ಇರಬೇಡವೆ?"

ಇರಲಿಲ್ಲ.
ಕಳ್ಳರ ಭಯಕ್ಕೆ ಪ್ರತಿ ಸಲವೂ ಕರ್ನೆಲ್
ಬೇರೆ ಬೇರೆ ವಿಳಾಸದಲ್ಲಿ ಮನೆ ಹೂಡುತ್ತದೆ.
ಕಾಲೂರಬೇಕಾದ ವಿಳಾಸ ಹಳಬನ ನಕ್ಷೆಯಲ್ಲಿತ್ತು,
ದಾಟಿಸುವವನ ತಾತ್ಕಾಲಿಕ ನಕ್ಷೆಯಲ್ಲಿ ಖಾಲಿ.
ಆರು ಸಲ ಕಾಯ್ದದ್ದು ಅದೃಷ್ಟ, ನನ್ನ ಜಾಣತನವಲ್ಲ.

ಹನ್ನೊಂದು ಸಾಲು ಬರೆದೆ. ಎರಡು ಹೊಡೆದುಹಾಕಿದೆ.
ಇನ್ನೂರು ಸಲ ಮಲಗಿಸಿದೆ. ಇನ್ನೂರು ಸಲ ಎದ್ದಿತು.

ಪರದೆಯ ಮೇಲೆ ನಿನ್ನೆ ಅರ್ಧಕ್ಕೆ ಬಿಟ್ಟ ವಾಕ್ಯ,
ಅದರ ತುದಿಯಲ್ಲಿ ಮಿಟುಕುವ ಕರ್ಸರ್,
ಮಲಗಿದ್ದೇ ಸುಳ್ಳು ಎನ್ನುವಂತೆ.
ಗಡಿಯಾರ ಮಾತ್ರ ತಬ್ಬಿಬ್ಬಾಗಿ ಮುಂದಕ್ಕೆ ಹಾರುತ್ತದೆ.
ಹೊತ್ತು ತಂದವ ಎಲ್ಲಿ?
ಅವನು ಕೂತಿದ್ದ ಮಣೆ
ಆಗಲೇ ಖಾಲಿ ಪುಟಗಳ ರಾಶಿಗೆ ಸೇರಿದೆ.
ಯಾವುದೋ ಪ್ರೋಗ್ರಾಂ ಅದನ್ನು ಕೇಳಿ ಪಡೆದು
ಸೊನ್ನೆ ತುಂಬುತ್ತಿದೆ.

ಎಚ್ಚರವಾಗುವವರೆಗೆ ಪಕ್ಕದಲ್ಲಿದ್ದ ನರ್ಸಿನ ಹೆಸರೇನು,
ಇಷ್ಬೆಲ್‌ನ ಕೇಳಿದೆ.
ಕೇಳಲಿಲ್ಲ, ಅಂದಳು, ಮೇಜಿನ ಕೆಳಗೆ ಕೋಲು ಹುಡುಕುತ್ತ.