ಸೋಮವಾರದ ಒಗೆತ

ನಿನ್ನೆ ಮಿನ್ಸ್ಕ್ ಬೀದಿ ತುಂಬ ಜನ.
ಬೆಂಚು ಹತ್ತುವ ಮುಂಚೆ ಬೂಟು ಬಿಚ್ಚಿಟ್ಟರಂತೆ.
ಎಂಥ ಸಂಭಾವಿತರಪ್ಪಾ,
ಇವರು ಉರುಳಿಸುತ್ತಾರಾ ಸರ್ಕಾರ?

ನನಗೆ ಗೊತ್ತಿರುವುದು ಸೋಮವಾರ.
ಲಾಠಿಪಡೆಯ ಸಮವಸ್ತ್ರ ಮೂಟೆಮೂಟೆ ಬರುತ್ತದೆ.
ಎಣಿಸಿಕೊಳ್ಳಬೇಕು, ಜೇಬು ತಡವಬೇಕು:
ಸೂರ್ಯಕಾಂತಿ ಬೀಜ, ಟ್ರಾಮ್ ಚೀಟಿ,
ಒಮ್ಮೆ ಯಾರದೋ ಹಲ್ಲು.
ರಕ್ತಕ್ಕೆ ಬಿಸಿನೀರು ಕೂಡದು, ಕಲೆ ಕೂತುಬಿಡುತ್ತದೆ.
ತಣ್ಣೀರು, ಉಪ್ಪು, ಆಮೇಲೆ ಕಾಯಬೇಕು.

"ಬೀಳುತ್ತಾ ಅಜ್ಜಿ, ಈ ಸಲ?"
ಉಲ್ಯಾನಾ ಕೇಳುತ್ತಾಳೆ,
ಊದಿದ ಮೊಣಕೈಗೆ ನಾನು
ಎಲೆಕೋಸಿನ ಎಲೆ ಕಟ್ಟುವಾಗ.
ಗೋಡೆಗೂ ಕಿವಿಯುಂಟು, ಮೆಲ್ಲಗೆ ಮಾತಾಡು ಮಗಾ.
ಕಿವಿಯಷ್ಟೇ ಅಲ್ಲ, ಕಾಲೂ ಉಂಟು ಗೋಡೆಗೆ;
ನಾನು ಒಗೆದು ಇಸ್ತ್ರಿ ಮಾಡಿದ ಪ್ಯಾಂಟು ತೊಟ್ಟೇ
ಅದು ನಿಂತಿರುವುದು.

ಹೋದ ವಾರ ಮುನ್ನೂರ ಹನ್ನೆರಡು ಜೊತೆ.
ಇವತ್ತು ಮೂರು ಕಮ್ಮಿ.
ಎರಡು ಸಲ ಎಣಿಸಿದೆ.
ರಜೆಯಿರಬಹುದು. ಜ್ವರವಿರಬಹುದು.
ಮೇಲ್ವಿಚಾರಕ ವಿಕೆಂತಿ ನನ್ನ ಮುಖ ನೋಡದೆ
ಪುಸ್ತಕದಲ್ಲಿ ಮುನ್ನೂರ ಹನ್ನೆರಡೆಂದೇ ಬರೆದ.
ನಾನೂ ರುಜು ಹಾಕಿದೆ.

ಉಲ್ಯಾನಾಗೆ ಇನ್ನೂ ಹೇಳಿಲ್ಲ.
ಬರುವ ಸೋಮವಾರ ಇನ್ನೊಮ್ಮೆ ಎಣಿಸಿ
ಆಮೇಲೆ.