ಕೆಂಪು ದಾರ

ಮುನಿರಾಬಾದಿನ ಹಿನ್ನೀರಿಗೆ ಇನ್ನೂ ಬೆಳಕು ಬಿದ್ದಿಲ್ಲ.
ಹರಿಗೋಲಿನ ಅಂಚಿಗೆ ಮೊಣಕಾಲೂರಿ
ಅತ್ತೆ ಹಗ್ಗ ಬಿಡುತ್ತಾಳೆ:
ಒಂದು ಮಾರು, ಎರಡು, ಮೂರು.
ತುದಿಯಲ್ಲಿ ಬಲೆಯಿಲ್ಲ,
ಬಾಟಲಿ; ಅದರೊಳಗೆ ಇಲಾಖೆ ಕೊಟ್ಟ ಗಾಜಿನ ಕಡ್ಡಿ.

ಅಂಕಿ ಬಾರದು ಹುಲಿಗೆವ್ವನಿಗೆ.
ಇಪ್ಪತ್ತೊಂಬತ್ತರ ಗೆರೆಗೆ
ಕೆಂಪು ದಾರ ಸುತ್ತಿಕೊಟ್ಟಿದ್ದೇನೆ.

ಮೊದಲು ಮುಂಗೈಯೇ ಸಾಕಿತ್ತು.
ನೀರಿಗಿಟ್ಟು ಹೇಳುತ್ತಿದ್ದಳು:
ಮಿರಗ ಬಂತು, ಬಲಿ ಮಡಚ್ರಿ.
ಈಗಲೂ ಮಿರಗ ತನ್ನ ದಿನಕ್ಕೇ ಬರುತ್ತದೆ,
ನೀರು ಮಾತ್ರ ಅದಕ್ಕೆ ಕಾಯುವುದಿಲ್ಲ,
ಮೊದಲೇ ಕಾದಿರುತ್ತದೆ.

ಹೋದ ವರ್ಷ ಕಾಟ್ಲಾ ಸೀಳಿದಾಗ
ಈಳಿಗೆಯ ತುಂಬ ತತ್ತಿ,
ಸಾಸಿವೆ ಡಬ್ಬಿ ಉರುಳಿದ ಹಾಗೆ.
ಬಲೆ ನಿಲ್ಲಿಸುವ ದಿನಕ್ಕೆ
ಇನ್ನೂ ಹದಿನೆಂಟು ದಿನ ಬಾಕಿ ಇತ್ತು.
ಅವತ್ತು ಅತ್ತೆ ಒಲೆ ಹಚ್ಚಲಿಲ್ಲ.

‘ದಾರ ದಾಟೇತಿ, ಬರಕೋ.’
ಬರೆದುಕೊಂಡೆ. ಆಫೀಸಿಗೆ ಫೋನು ಹೋಯಿತು,
ಸಂಘದಲ್ಲಿ ಜಗಳ, ಆಮೇಲೆ ಚಹಾ.
ಸಂಜೆಗೆ ದಂಡೆಯ ಮೇಲೆ
ಹದಿನಾಲ್ಕು ಹರಿಗೋಲು ಬೋರಲು.

ಅಂಬಣ್ಣನದೊಂದು ಇನ್ನೂ ನೀರಲ್ಲಿದೆ.
ಬೈಯುತ್ತಾಳೆ ಅಂದುಕೊಂಡೆ.
ಹಗ್ಗ ಸುತ್ತುತ್ತ ಅತ್ತೆ ಅದನ್ನೇ ನೋಡಿದಳು.
‘ಅವನ ಮನ್ಯಾಗ ಮದುವಿ ಐತಿ.
ಅದನ್ನ ಯಾವ ಗೆರಿಗೆ ಕಟ್ಟತಿ?’