ಉಣ್ಣುವ ಕೈಯ ಬ್ರೇಕು

ಅಣ್ಣ ಪಲ್ಟಿ ಹೊಡೆದು ಹಲ್ಲು ಮುರಿದುಕೊಂಡ ವರ್ಷ
ನಮ್ಮನೆ ಸೈಕಲ್ಲಿನ ಮುಂದಿನ ಬ್ರೇಕು
ತಂತಿ ಕಳಚಿಸಿಕೊಂಡು ನೇತಾಡಿತು.
ಮುಟ್ಟಬೇಡ ಅದನ್ನ, ಅಂದರು ಎಲ್ಲರೂ.

ಎಡಗೈ ಒಂದನ್ನೇ ನಂಬಿ
ಹತ್ತು ವರ್ಷ ನಾಲೆ ಏರಿ ಇಳಿದೆ,
ಉಳಿದದ್ದಕ್ಕೆ ಚಪ್ಪಲಿ ಸವೆಸಿ.

ಈಗ ಕ್ಯಾರಿಯರ್ ಮೇಲೆ ಲಸಿಕೆಯ ನೀಲಿ ಡಬ್ಬ.
ಪಾಂಡವಪುರದ ಪಂಕ್ಚರ್ ಅಂಗಡಿ ಮುನೀರ
ಹೊಸ ತಂತಿ ಪೋಣಿಸಿ ಚಕ್ರ ತಿರುವಿ ತೋರಿಸಿದ:
"ಹಿಂದ್ಗಡೇದು ಕೇಳ್ಕತದೆ ಕಣಕ್ಕ,
ನಿಲ್ಸೋದು ಮುಂದ್ಗಡೇದು.
ಎರಡೂ ಹಿಡಿ. ಹಿಂಡಬೇಡ ಅಷ್ಟೆ."

ಎಷ್ಟು ಹಿಡೀಲಿ ಅಂದರೆ ನಕ್ಕ.
"ಮುದ್ದೆ ಮುರಿಯೋ ಕೈ ತಾನೆ, ಅದಕ್ಕೆ ಗೊತ್ತು."

ಇವತ್ತು ಇಳಿಜಾರಲ್ಲಿ
ಕಬ್ಬಿನ ಗಾಡಿ ಉದುರಿಸಿದ ಸೋಗೆ,
ಅದರಾಚೆ ನಡುರಸ್ತೆಗೆ ಎಮ್ಮೆಗರು.
ಸೋಗೆ ದಾಟುವ ತನಕ ಎಡಗೈ.
ಡಾಂಬರು ಸಿಕ್ಕಿದ್ದೇ ಬಲಗೈ,
ಬಿಸಿಮುದ್ದೆಗೆ ಬೆರಳಿಟ್ಟಷ್ಟು,
ಆಮೇಲೆ ಇನ್ನೊಂದಿಷ್ಟು.
ಮೈಭಾರವೆಲ್ಲ ಹ್ಯಾಂಡಲ್ಲಿಗೆ ಬಂತು.
ಹಿಂದಿನ ಚಕ್ರ ಹಗುರಾಗಿ, ಒಂದು ಗಳಿಗೆ ಯೋಚಿಸಿ,
ನೆಲದಲ್ಲೇ ಉಳಿಯಿತು.

ಡಬ್ಬದೊಳಗೆ ಐಸು ಲೊಡಕ್ ಅಂದಿತು.
ಕರು ಬಂದು ಬೆಲ್ಲು ಮೂಸಿತು.
ನಿಲ್ಲಿಸುವುದಕ್ಕೆ ಕಾಲು ಬೇಕಾಗದೆ ಹೋದ ಬೆರಗಲ್ಲಿ
ನಿಂತ ಮೇಲೆ ಕಾಲೂರುವುದನ್ನೇ ಮರೆತು
ಮೆಲ್ಲಗೆ ವಾಲಿದೆ,
ಕರುವಿನ ಬೆನ್ನಿಗೆ ಕೈಕೊಟ್ಟೆ.